ಏಳು ದಿನದ ಶಿಬಿರದಲ್ಲಿ ಮನಸ್ಸಿನ ಗಾಯ ಮಾಯುತ್ತಾ? ನೂರು ವರ್ಷದ ಹಿಂದೆಯೇ ಈ ಕೆಲಸಕ್ಕೆ ಕೈಹಾಕಿದ ಡಾಕ್ಟರ್ ರಿವರ್ಸ್ ಅವರ ಬದುಕು

ನಿಮ್ಮ ಫ್ಯಾಮಿಲಿ ಗ್ರೂಪಿಗೂ ಈ ಬಗೆಯ ಫಾರ್ವರ್ಡ್ ಬಂದಿರುತ್ತದೆ. ಬೆಟ್ಟದ ಮೇಲೊಂದು ರೆಸಾರ್ಟು, ಹಿಂದೆ ಮಂಜು, ಮುಂದೆ ಕಣ್ಣು ಮುಚ್ಚಿ ಕೂತ ನಾಲ್ಕು ಜನ. ಬಾಲ್ಯದ ನೋವು, ಆಕ್ಸಿಡೆಂಟಿನ ಭಯ, ಸಾವಿನ ದುಃಖ ಎಲ್ಲವನ್ನೂ ಏಳೇ ದಿನದಲ್ಲಿ ಬೇರುಸಹಿತ ಕಿತ್ತುಹಾಕುತ್ತೇವೆ ಅನ್ನುವ ಭರವಸೆ. ಹೆಸರು ಟ್ರಾಮಾ ಹೀಲಿಂಗ್ ರಿಟ್ರೀಟ್. ಕೊನೆಯ ಸಾಲಿನಲ್ಲಿ ಫೀಸು. ಮಾಕವಳ್ಳಿ ಫ್ಯಾಕ್ಟರಿಗೆ ಕಬ್ಬು ಹಾಕುವ ಸಣ್ಣ ರೈತರು ಅದನ್ನು ನೋಡಿದರೆ ಈ ಸೀಸನ್ನಿನ ಬಿಲ್ಲನ್ನೇ ಅಲ್ಲಿ ಕಟ್ಟಿಬರಬೇಕೇನೋ ಅಂದುಕೊಳ್ಳಬೇಕು.

ಇದೆಲ್ಲ ಬರೀ ಬೊಗಳೆ ಅಂತ ಪಕ್ಕಕ್ಕೆ ಸರಿಸುವುದು ಸುಲಭ. ಆದರೆ ವಿಷಯ ಅಷ್ಟು ಸರಳವಾಗಿಲ್ಲ. ನೊಂದವರನ್ನು ಮನೆಯಿಂದ ದೂರದ ಒಂದು ಶಾಂತ ಜಾಗದಲ್ಲಿಟ್ಟು, ದಿನಾ ಕೂರಿಸಿ ಮಾತಾಡಿಸಿ, ಮನಸ್ಸಿಗಾದ ಗಾಯವನ್ನು ಮಾಯಿಸುವ ಪ್ರಯತ್ನಕ್ಕೆ ನೂರು ವರ್ಷ ದಾಟಿದೆ. ಆ ಕೆಲಸದಿಂದ ಪ್ರಪಂಚಕ್ಕೆಲ್ಲ ಹೆಸರಾದವರು ಡಬ್ಲ್ಯು. ಎಚ್. ಆರ್. ರಿವರ್ಸ್ ಎಂಬ ಇಂಗ್ಲಿಷ್ ವೈದ್ಯರು. ಮೈಸೂರಿನಿಂದ ಬಸ್ಸು ಹತ್ತಿದರೆ ಅರ್ಧ ದಿನದೊಳಗೆ ತಲುಪುವ ನೀಲಗಿರಿಯಲ್ಲೇ ಅವರು ತಿಂಗಳುಗಟ್ಟಲೆ ಇದ್ದು ಹೋಗಿದ್ದರು ಅನ್ನುವುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಅವರ ಬದುಕನ್ನು ಒಮ್ಮೆ ನೋಡಿದರೆ, ಇಂಥ ಫಾರ್ವರ್ಡಿನಲ್ಲಿ ನಿಜ ಎಷ್ಟು, ಮಾರಾಟ ಎಷ್ಟು ಅನ್ನುವುದು ಬೇರೆಬೇರೆಯಾಗಿ ಕಾಣುತ್ತದೆ.

ತೊದಲು ಬಿಡಿಸುವ ಮನೆಯಲ್ಲಿ ತೊದಲುವ ಹುಡುಗ

ವಿಲಿಯಂ ಹಾಲ್ಸ್ ರಿವರ್ಸ್ ರಿವರ್ಸ್ ಹುಟ್ಟಿದ್ದು 1864ರ ಮಾರ್ಚ್ 12ರಂದು, ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ. ಹೆಸರಿನಲ್ಲಿ ರಿವರ್ಸ್ ಎರಡು ಸಲ ಇರುವುದು ಅಚ್ಚಿನ ತಪ್ಪಲ್ಲ, ಅವರ ಹೆಸರೇ ಹಾಗೆ. ತಂದೆ ಪಾದ್ರಿ. ಆದರೆ ಈ ಕುಟುಂಬ ಹೆಸರು ಮಾಡಿದ್ದು ಬೇರೊಂದು ಕಸುಬಿನಿಂದ: ತೊದಲು ಮಾತು ಸರಿಮಾಡುವುದು. ತಾಯಿಯ ಅಣ್ಣ ಜೇಮ್ಸ್ ಹಂಟ್ ತೊದಲುವವರನ್ನು ತಮ್ಮಲ್ಲೇ ಇರಿಸಿಕೊಂಡು ಅಭ್ಯಾಸ ಮಾಡಿಸುತ್ತಿದ್ದರು. 1869ರಲ್ಲಿ ಹಂಟ್ ತೀರಿಕೊಂಡ ಮೇಲೆ ಆ ಕೆಲಸ ರಿವರ್ಸ್ ಅವರ ತಂದೆಯ ಕೈಗೆ ಬಂತು. ಆಲಿಸಳ ಕಥೆ ಬರೆದ ಲೂಯಿಸ್ ಕ್ಯಾರೊಲ್ ಕೂಡ ತಮ್ಮ ತೊದಲಿಗೆ ಪರಿಹಾರ ಹುಡುಕಿಕೊಂಡು ಈ ಮನೆತನದ ಬಾಗಿಲಿಗೆ ಬಂದವರೇ.

ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ರಿವರ್ಸ್ ಬೆಳೆದದ್ದು ಒಂದು ಖಾಸಗಿ ರೆಸಿಡೆನ್ಷಿಯಲ್ ಥೆರಪಿ ಸೆಂಟರ್ ನಡೆಸುತ್ತಿದ್ದ ಕುಟುಂಬದಲ್ಲಿ. ಆದರೆ ಆ ಕುಟುಂಬದ ಮಗನಿಗೇ ತೊದಲಿತ್ತು. ಎಷ್ಟೋ ಜನ ದುಡ್ಡು ಕೊಟ್ಟು ಕಲಿತುಹೋದ ವಿದ್ಯೆ ಆ ಹುಡುಗನಿಗೆ ಪೂರ್ತಿ ದಕ್ಕಲಿಲ್ಲ. ದೊಡ್ಡ ಪ್ರೊಫೆಸರ್ ಆದ ಮೇಲೂ ಅವರ ಮಾತು ನಡುವೆ ಸಿಕ್ಕಿಕೊಳ್ಳುತ್ತಿತ್ತು. ಚಿಕಿತ್ಸೆ ಕೆಲವರಿಗೆ ನಾಟುತ್ತದೆ, ಕೆಲವರಿಗೆ ನಾಟುವುದಿಲ್ಲ ಅನ್ನುವುದನ್ನು ಅವರು ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ.

ಶಾಲೆ ಮುಗಿಯುವ ಹೊತ್ತಿಗೆ ಟೈಫಾಯ್ಡ್ ಬಂದು ಕೇಂಬ್ರಿಜ್ ಸ್ಕಾಲರ್‌ಶಿಪ್ ಕೈತಪ್ಪಿತು. ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯಲ್ಲಿ ಓದಿ 1886ರಲ್ಲಿ ವೈದ್ಯರಾದರು. ಹಡಗಿನ ಡಾಕ್ಟರಾಗಿ ಸಮುದ್ರ ಸುತ್ತಿದರು, ನರರೋಗದ ಆಸ್ಪತ್ರೆಯಲ್ಲಿ ದುಡಿದರು, ಆಮೇಲೆ 1893ರಿಂದ ಕೇಂಬ್ರಿಜ್‌ನಲ್ಲಿ ಪಾಠ ಹೇಳತೊಡಗಿದರು. ಮನಶ್ಶಾಸ್ತ್ರ ಪ್ರಯೋಗಾಲಯದ ವಿಜ್ಞಾನವಾಗಿ ಆಗಷ್ಟೇ ಕಣ್ಣು ಬಿಡುತ್ತಿದ್ದ ಕಾಲ ಅದು.

ಹದ್ದಿನ ಕಣ್ಣಿನ ಕಟ್ಟುಕಥೆ

1898ರಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಗಿನಿ ನಡುವಿನ ಟಾರೆಸ್ ಜಲಸಂಧಿಗೆ ಕೇಂಬ್ರಿಜ್‌ನಿಂದ ಒಂದು ತಂಡ ಹೊರಟಿತು. ರಿವರ್ಸ್ ಅದರಲ್ಲಿದ್ದರು. ದ್ವೀಪದ ಬುಡಕಟ್ಟಿನವರಿಗೆ ನಾಗರಿಕರಿಗಿಂತ ಎಷ್ಟೋ ಪಟ್ಟು ಚುರುಕಾದ ಕಣ್ಣು ಕಿವಿ ಇರುತ್ತವೆ ಎಂದು ಯೂರೋಪಿನವರು ಆಗ ನಂಬಿದ್ದರು. ಹೊಗಳಿಕೆಯಂತೆ ಕಾಣುವ ಈ ಮಾತಿನ ಹಿಂದೆ ಒಂದು ಬಾಲ ಇತ್ತು: ಶಕ್ತಿಯೆಲ್ಲ ಕಣ್ಣು ಕಿವಿಗೇ ಖರ್ಚಾಗುವುದರಿಂದ ಅವರಿಗೆ ಬುದ್ಧಿ ಕಡಿಮೆ ಅನ್ನುವ ವಾದ.

ರಿವರ್ಸ್ ಹೋಗಿ ಅಳೆದೇಬಿಟ್ಟರು. ದ್ವೀಪದವರ ದೃಷ್ಟಿ ಚೆನ್ನಾಗಿತ್ತು, ಆದರೆ ಪವಾಡದಂಥದ್ದೇನೂ ಇರಲಿಲ್ಲ. ದೂರದ ದೋಣಿಯನ್ನು ಅವರು ಮೊದಲು ಗುರುತಿಸುತ್ತಿದ್ದದ್ದು ಅಲ್ಲಿನ ಕಡಲನ್ನು ದಿನಾ ನೋಡಿ ಪಳಗಿದ್ದರಿಂದ. ಹೊಲದ ಆ ತುದಿಯಲ್ಲಿ ನಿಂತ ದನ ಯಾರ ಮನೆಯದು ಅಂತ ನಮ್ಮ ಊರಿನವರು ಹೇಳುವಂತೆ ಇದು. ಒಂದು ದೊಡ್ಡ ಮಿಥ್ಯೆ ಹೀಗೆ ಅಳತೆಪಟ್ಟಿಯ ಮುಂದೆ ಬಿದ್ದುಹೋಯಿತು.

ನೀಲಗಿರಿಯಲ್ಲಿ, ಬಡಗರ ನೆರೆಯಲ್ಲಿ

1901-02ರಲ್ಲಿ ರಿವರ್ಸ್ ನೀಲಗಿರಿಗೆ ಬಂದರು, ತೋಡರನ್ನು ಕಾಣಲು. ಎಮ್ಮೆಗಳೇ ತೋಡರ ಸಂಪತ್ತು, ಹಾಲುಮನೆಯೇ ಅವರ ಗುಡಿ. ಆಗ ಅವರ ಸಂಖ್ಯೆ 800ರ ಆಸುಪಾಸು. ಅದೇ ಬೆಟ್ಟದಲ್ಲಿ ಅವರಿಗಿಂತ ಎಷ್ಟೋ ಹೆಚ್ಚು ಸಂಖ್ಯೆಯಲ್ಲಿ ಬಡಗರಿದ್ದರು. ಅವರ ನುಡಿ ನಮ್ಮ ಕನ್ನಡಕ್ಕೆ ತೀರಾ ಹತ್ತಿರ. ಬಡಗ ಅಂದರೆ ಬಡಗಣ ದಿಕ್ಕಿನಿಂದ ಬಂದವರು. ತಮ್ಮ ಹಿರಿಯರು ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರು ಎಂದೇ ಅವರು ಹೇಳಿಕೊಳ್ಳುವುದು.

ರಿವರ್ಸ್ ಅಲ್ಲಿ ಮಾಡಿದ ಮುಖ್ಯ ಕೆಲಸ ಮನೆಮನೆಯ ವಂಶಾವಳಿ ಬರೆದುಕೊಂಡದ್ದು. ಯಾರಿಗೆ ಯಾರು ಮಗ, ಯಾರು ಯಾರನ್ನು ಮದುವೆಯಾದರು, ಎಲ್ಲವನ್ನೂ ಕೇಳಿ ಕೇಳಿ ಕಟ್ಟಿದರು. ಇಂದಿಗೂ ಮಾನವಶಾಸ್ತ್ರ ಓದುವವರು ಕಲಿಯುವ ವಂಶಾವಳಿ ವಿಧಾನವನ್ನು ರೂಪಿಸಿದವರು ಇವರೇ. ಇಲ್ಲಿ ಒಂದು ತೊಡಕಿತ್ತು. ತೋಡರು ತೀರಿಹೋದ ತಮ್ಮವರ ಹೆಸರನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ರಿವರ್ಸ್ ಅದನ್ನು ಬಲವಂತದಿಂದ ಹೊರಡಿಸಲು ಹೋಗಲಿಲ್ಲ. ಒಂದು ಮನೆಯ ಸತ್ತವರ ಹೆಸರನ್ನು ಇನ್ನೊಂದು ಮನೆಯವರಿಂದ ಕೇಳಿ ತಿಳಿದರು.

ಎಲ್ಲವೂ ಸಲೀಸಾಗಿ ಆಗಲಿಲ್ಲ. ಪವಿತ್ರ ಆಚರಣೆಗಳ ವಿವರ ಕೊಟ್ಟವರಿಗೆ ಬೆನ್ನು ಬೆನ್ನಿಗೆ ಕೇಡು ಸಂಭವಿಸಿತು. ರಹಸ್ಯ ಬಿಟ್ಟುಕೊಟ್ಟದ್ದಕ್ಕೆ ದೇವರು ಮುನಿದಿದ್ದಾನೆ ಎಂದು ಜನ ಅಂದುಕೊಂಡರು, ಮಾಹಿತಿ ಕೊಡುತ್ತಿದ್ದವರು ಹಿಂದೆ ಸರಿದರು. ರಿವರ್ಸ್ ಇದನ್ನು ಮುಚ್ಚಿಡದೆ ತಮ್ಮ ಪುಸ್ತಕದಲ್ಲೇ ದಾಖಲಿಸಿದ್ದಾರೆ. ದೇವರ ಮುನಿಸಿನ ಮಾತು ಅವರ ವಿಜ್ಞಾನಕ್ಕೆ ಒಪ್ಪುವಂಥದ್ದಲ್ಲ. ಆದರೂ ಒಬ್ಬರ ಒಳಗಿನದನ್ನು ಹೊರಗೆ ತೆಗೆಸಿದರೆ ಹೇಳಿದವರು ಅದಕ್ಕೆ ಬೆಲೆ ತೆರಬೇಕಾಗಬಹುದು ಅನ್ನುವುದನ್ನು ಅವರು ಬೆಟ್ಟದ ಮೇಲೆ ಕಣ್ಣಾರೆ ಕಂಡರು. ಆ ಪುಸ್ತಕ 1906ರಲ್ಲಿ ಬಂತು.

ಇಂಗ್ಲೆಂಡಿಗೆ ಮರಳಿದ ಮೇಲೆ ಇನ್ನೊಂದು ವಿಚಿತ್ರ ಪ್ರಯೋಗ. ಗೆಳೆಯ ಹೆನ್ರಿ ಹೆಡ್ 1903ರ ಏಪ್ರಿಲ್‌ನಲ್ಲಿ ತಮ್ಮದೇ ಎಡಗೈಯ ಚರ್ಮದ ನರವನ್ನು ಕತ್ತರಿಸಿಸಿಕೊಂಡರು. ಅದು ಮತ್ತೆ ಕೂಡಿ ಸ್ಪರ್ಶ ಮರಳುವ ಬಗೆಯನ್ನು ರಿವರ್ಸ್ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಸೂಜಿ, ಹತ್ತಿ, ಬಿಸಿ, ತಣ್ಣನೆ ಮುಟ್ಟಿಸಿ ಬರೆದಿಟ್ಟರು. ಅದರಿಂದ ಅವರು ಕಟ್ಟಿದ ಸಿದ್ಧಾಂತ ಆಮೇಲೆ ನಿಲ್ಲಲಿಲ್ಲ. ವಿಜ್ಞಾನದಲ್ಲಿ ಹೀಗಾಗುವುದು ಮಾಮೂಲು, ದೊಡ್ಡವರ ಹೆಸರಿದ್ದ ಮಾತ್ರಕ್ಕೆ ಸಿದ್ಧಾಂತ ಉಳಿಯುವುದಿಲ್ಲ.

ಯುದ್ಧ, ಮತ್ತು ಗಾಯವೇ ಕಾಣದ ಗಾಯಾಳುಗಳು

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಕೆಲವೇ ತಿಂಗಳಲ್ಲಿ ಆಸ್ಪತ್ರೆಗಳಿಗೆ ಒಂದು ಹೊಸ ಬಗೆಯ ಸೈನಿಕರು ಬರತೊಡಗಿದರು. ಮೈಮೇಲೆ ಗಾಯವಿಲ್ಲ, ಆದರೆ ಕೈಕಾಲು ನಡುಗುತ್ತದೆ. ಕೆಲವರಿಗೆ ಮಾತೇ ನಿಂತಿದೆ, ಕೆಲವರಿಗೆ ಕಣ್ಣು ಕಾಣಿಸುತ್ತಿಲ್ಲ. ರಾತ್ರಿ ಚೀರಿ ಏಳುತ್ತಾರೆ. ಶೆಲ್ ಸಿಡಿದ ಹೊಡೆತಕ್ಕೆ ಮಿದುಳು ಅಲುಗಿರಬೇಕು ಎಂಬ ಊಹೆಯಿಂದ ಇದಕ್ಕೆ ಶೆಲ್ ಶಾಕ್ ಎಂಬ ಹೆಸರು ಬಂತು. 1915ರಲ್ಲಿ ಆ ಹೆಸರನ್ನು ವೈದ್ಯಕೀಯ ಪತ್ರಿಕೆಗೆ ತಂದವರು ರಿವರ್ಸ್ ಅವರ ಜೊತೆ ಟಾರೆಸ್‌ಗೆ ಹೋಗಿದ್ದ ಚಾರ್ಲ್ಸ್ ಮೈಯರ್ಸ್. ಆದರೆ ಶೆಲ್ ಹತ್ತಿರಕ್ಕೂ ಬೀಳದವರಲ್ಲಿ ಇದೇ ಲಕ್ಷಣ ಕಂಡಾಗ ಪೆಟ್ಟು ಬಿದ್ದಿರುವುದು ಮನಸ್ಸಿಗೆ ಎಂಬುದು ನಿಧಾನಕ್ಕೆ ತಿಳಿಯಿತು.

ನಮ್ಮ ಕಡೆ ಇಂಥ ಸ್ಥಿತಿಗೆ ಗಾಳಿ ಸೋಕಿದೆ, ಹೆದರಿಕೊಂಡಿದ್ದಾನೆ ಅಂತ ತಾಯತ ಕಟ್ಟಿಸುತ್ತಿದ್ದರು, ಈಗಲೂ ಕಟ್ಟಿಸುತ್ತಾರೆ. ಬ್ರಿಟಿಷ್ ಸೇನೆ ಇದನ್ನು ಹೇಡಿತನ ಅಂದಿತು. ಸೇನೆ ಬಿಟ್ಟು ಓಡಿದ್ದು, ಹೇಡಿತನ ಮುಂತಾದ ಆರೋಪಕ್ಕೆ ಗುಂಡಿಕ್ಕಿ ಕೊಂದ ತನ್ನದೇ 306 ಸೈನಿಕರಿಗೆ ಬ್ರಿಟನ್ ಕ್ಷಮಾದಾನ ಕೊಟ್ಟದ್ದು 2006ರಲ್ಲಿ. ಅವರಲ್ಲಿ ಎಷ್ಟೋ ಜನ ಮನಸ್ಸು ಮುರಿದವರು. ಇದಕ್ಕೆ ಹೋಲಿಸಿದರೆ ತಾಯತದಿಂದ ಆಗುವ ಹಾನಿ ಕಡಿಮೆಯೇ ಅನ್ನಬೇಕು. ಇನ್ನು ಚಿಕಿತ್ಸೆ ಸಿಕ್ಕವರಿಗಾದರೂ ಸುಖವಿತ್ತೇ? ಲಂಡನ್ನಿನ ಡಾಕ್ಟರ್ ಲೂಯಿಸ್ ಯೆಲ್ಯಾಂಡ್, ಮಾತು ನಿಂತವರ ಗಂಟಲಿಗೆ ಕರೆಂಟು ಕೊಟ್ಟು, ಮಾತು ಬರುವ ತನಕ ಕೋಣೆಯಿಂದ ಹೊರಗೆ ಬಿಡುತ್ತಿರಲಿಲ್ಲ. ಅವರೂ ಬೇಗ ವಾಸಿಯಾಯಿತು ಎಂದೇ ಲೆಕ್ಕ ಕೊಡುತ್ತಿದ್ದರು.

ಕ್ರೇಗ್‌ಲಾಕ್‌ಹಾರ್ಟ್

1915ರಲ್ಲಿ ಲಿವರ್‌ಪೂಲ್ ಹತ್ತಿರದ ಮಾಗಲ್ ಆಸ್ಪತ್ರೆಯಲ್ಲಿ ರಿವರ್ಸ್ ಈ ಸೈನಿಕರನ್ನು ಮೊದಲು ನೋಡಿದರು. ಆಗ ಅವರಿಗೆ 51. ಮರುವರ್ಷ ಅಕ್ಟೋಬರಿನಲ್ಲಿ ಎಡಿನ್‌ಬರೊ ಪಕ್ಕದ ಕ್ರೇಗ್‌ಲಾಕ್‌ಹಾರ್ಟ್‌ಗೆ ಬಂದರು. ಆ ಕಟ್ಟಡ ಮೊದಲು ಹಣವಂತರು ಬಂದು ನೀರಿನ ಚಿಕಿತ್ಸೆ ಪಡೆದು ಹೋಗುತ್ತಿದ್ದ ಹೈಡ್ರೋಪಥಿಕ್ ಹೋಟೆಲು. ಗುಡ್ಡ, ಹುಲ್ಲುಗಾವಲು, ಈಜುಕೊಳ, ಗಾಲ್ಫ್ ಎಲ್ಲ ಇತ್ತು. ಯುದ್ಧ ಬಂದಾಗ ಅದೇ ಮನಸ್ಸಿನ ಆಸ್ಪತ್ರೆಯಾಯಿತು. ಇವತ್ತಿನ ರಿಟ್ರೀಟ್ ಜಾಹೀರಾತಿಗೆ ಬೇಕಾದ ಫೋಟೋಗಳೆಲ್ಲ ಅಲ್ಲಿ ಸಿಗುತ್ತಿದ್ದವು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಆ ಬಾಗಿಲು ತೆರೆದದ್ದು ಅಧಿಕಾರಿಗಳಿಗೆ ಮಾತ್ರ. 1916ರಿಂದ 1919ರವರೆಗೆ 1,700ಕ್ಕೂ ಹೆಚ್ಚು ಅಧಿಕಾರಿಗಳು ಅಲ್ಲಿ ಚಿಕಿತ್ಸೆ ಪಡೆದರು. ಸಾಮಾನ್ಯ ಸಿಪಾಯಿಗೆ ಅಲ್ಲಿ ಜಾಗವಿರಲಿಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮೇಲೆ ಕುದುರೆ ನುಗ್ಗಿಸಿದ ನಮ್ಮ ಮೈಸೂರು ಲ್ಯಾನ್ಸರ್ಸ್ ಸವಾರರಿಗಂತೂ ಅದು ಕನಸಿನಲ್ಲೂ ಎಟುಕದ ಜಾಗ. ಅಧಿಕಾರಿಗಳಿಗೆ ಕೆಟ್ಟ ಕನಸು, ಆತಂಕ ಬರುತ್ತದೆ, ಸಿಪಾಯಿಗಳಿಗೆ ಪಾರ್ಶ್ವವಾಯು, ಮೂಕತನ ಬರುತ್ತದೆ ಎಂದು ರಿವರ್ಸ್ ಗಮನಿಸಿದರು, ಅದಕ್ಕೆ ಓದು-ಸಂಸ್ಕಾರದ ವ್ಯತ್ಯಾಸವನ್ನು ಕಾರಣವಾಗಿ ಕೊಟ್ಟರು. ಟಾರೆಸ್‌ನಲ್ಲಿ ಜನಾಂಗದ ಪೂರ್ವಗ್ರಹವನ್ನು ಅಳೆದು ಬೀಳಿಸಿದವರು ತಮ್ಮದೇ ದೇಶದ ಮೇಲು ಕೀಳಿನ ಪೂರ್ವಗ್ರಹವನ್ನು ಅಷ್ಟೇ ಚುರುಕಾಗಿ ನೋಡಲಿಲ್ಲ ಅಂತ ನನಗನ್ನಿಸುತ್ತದೆ.

ಅವರು ಮಾಡುತ್ತಿದ್ದದ್ದಾದರೂ ಏನು? ಕೂತು ಕೇಳುವುದು. ಆಗ ಸೈನಿಕರಿಗೆ ಮನೆಯವರು, ವೈದ್ಯರು, ಮೇಲಧಿಕಾರಿಗಳು ಎಲ್ಲರೂ ಕೊಡುತ್ತಿದ್ದ ಬುದ್ಧಿವಾದ ಒಂದೇ: ಮರೆತುಬಿಡು, ಬೇರೆ ಏನಾದರೂ ಯೋಚಿಸು. ನಾವೂ ಇವತ್ತಿಗೂ ಅದನ್ನೇ ಹೇಳುತ್ತೇವೆ. ಹಗಲು ಒತ್ತಿ ಹಿಡಿದ ನೆನಪು ರಾತ್ರಿ ಕನಸಾಗಿ ಇನ್ನಷ್ಟು ಬಲದಿಂದ ಬರುತ್ತದೆ ಎಂದು ರಿವರ್ಸ್ ಕಂಡುಕೊಂಡರು. ನೆನಪನ್ನು ಓಡಿಸಲು ಹೋಗದೆ, ಹಗಲು ಬೆಳಕಿನಲ್ಲಿ, ನಂಬುಗೆಯವರ ಎದುರು, ತಡೆಯುವಷ್ಟು ಮಾತ್ರ ತೆಗೆದು ನೋಡುವಂತೆ ಮಾಡಿದರು. ಫ್ರಾಯ್ಡ್ ಅವರಿಂದ ಅವರು ಬಹಳ ಕಲಿತರು, ಆದರೆ ಎಲ್ಲದರ ಬೇರು ಲೈಂಗಿಕತೆಯಲ್ಲಿದೆ ಅನ್ನುವುದನ್ನು ಒಪ್ಪಲಿಲ್ಲ. ಸಾವಿನ ಭಯ ಒಂದು ಕಡೆ, ಕರ್ತವ್ಯ ಇನ್ನೊಂದು ಕಡೆ ಎಳೆಯುವ ಜಗ್ಗಾಟವೇ ಈ ರೋಗದ ಮೂಲ ಎಂಬುದು ಅವರ ತಿಳುವಳಿಕೆ. ಭಯಪಡುವುದು ಅವಮಾನವಲ್ಲ ಎಂದು ಸೈನ್ಯದ ಆಸ್ಪತ್ರೆಯೊಳಗೆ ಕೂತು ಹೇಳುವುದಕ್ಕೆ ಧೈರ್ಯ ಬೇಕಿತ್ತು.

1917ರ ಡಿಸೆಂಬರಿನಲ್ಲಿ ವೈದ್ಯರ ಸಭೆಯೊಂದರಲ್ಲಿ ಮಂಡಿಸಿ, 1918ರ ಫೆಬ್ರವರಿಯಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ ಪ್ರಬಂಧದಲ್ಲಿ ಅವರು ತಮ್ಮ ರೋಗಿಗಳ ಕಥೆ ಬರೆದಿದ್ದಾರೆ. ಒಬ್ಬ ಅಧಿಕಾರಿ ತನ್ನ ಪ್ರಾಣಸ್ನೇಹಿತನ ದೇಹ ಛಿದ್ರವಾಗಿ ಬಿದ್ದದ್ದನ್ನು ನೋಡಿದ್ದ. ಪ್ರತಿ ರಾತ್ರಿ ಆ ಸ್ನೇಹಿತ ಅದೇ ರೂಪದಲ್ಲಿ ಕನಸಿಗೆ ಬರುತ್ತಿದ್ದ. ಹಗಲೆಲ್ಲ ಅದನ್ನು ಮರೆಯಲು ಹೆಣಗುತ್ತಿದ್ದ. ರಿವರ್ಸ್ ಆ ನೆನಪಿನ ಇನ್ನೊಂದು ಮಗ್ಗುಲನ್ನು ಅವನಿಗೆ ತೋರಿಸಿದರು: ದೇಹ ಆ ಸ್ಥಿತಿಯಲ್ಲಿತ್ತೆಂದರೆ ಸಾವು ಕ್ಷಣಮಾತ್ರದಲ್ಲಿ ಬಂದಿದೆ, ಗೆಳೆಯ ನರಳಿಲ್ಲ. ಅವನ ಮುಖ ಗೆಲುವಾಯಿತು. ಅಂದಿನಿಂದ ಆ ನೆನಪನ್ನು ದೂಡಲಿಲ್ಲ. ಕೆಲವು ರಾತ್ರಿ ಕನಸೇ ಬೀಳಲಿಲ್ಲ. ಆಮೇಲೆ ಬಿದ್ದ ಕನಸಿನಲ್ಲಿ ಅವನೇ ಗೆಳೆಯನ ಪಕ್ಕ ಕೂತು ಸಮಾಧಾನವಾಗಿ ಮಾತಾಡಿಸಿದ.

ಇಲ್ಲಿಗೆ ನಿಲ್ಲಿಸಿದ್ದರೆ ಅದೂ ಒಂದು ಫಾರ್ವರ್ಡ್ ಆಗುತ್ತಿತ್ತು. ರಿವರ್ಸ್ ಅದೇ ಪ್ರಬಂಧದಲ್ಲಿ ತಮ್ಮಿಂದಾಗದ ಕೇಸನ್ನೂ ಬರೆದರು. ಇನ್ನೊಬ್ಬ ಅಧಿಕಾರಿ ಸ್ಫೋಟದ ರಭಸಕ್ಕೆ ಎಷ್ಟೋ ದಿನದ ಹಿಂದೆ ಸತ್ತ ಶತ್ರುಸೈನಿಕನೊಬ್ಬನ ಶವದ ಮೇಲೆ ಮುಖ ಅಡಿಯಾಗಿ ಬಿದ್ದಿದ್ದ. ಆ ವಾಸನೆ, ಆ ರುಚಿ ಅವನನ್ನು ಬಿಡಲಿಲ್ಲ. ಈ ನೆನಪಿನಲ್ಲಿ ತೋರಿಸಲು ಯಾವ ಒಳ್ಳೆಯ ಮಗ್ಗುಲೂ ರಿವರ್ಸ್‌ಗೆ ಸಿಗಲಿಲ್ಲ. ಅವನನ್ನು ಮತ್ತೆ ಮತ್ತೆ ಮಾತಾಡಿಸಿ ಹಿಂಸಿಸುವುದನ್ನು ಬಿಟ್ಟರು. ಹಿಂದೊಮ್ಮೆ ಹಳ್ಳಿಗಾಡಿನಲ್ಲಿದ್ದಾಗ ಅವನಿಗೆ ಸ್ವಲ್ಪ ನೆಮ್ಮದಿ ಸಿಕ್ಕಿದ್ದರಿಂದ, ಸೇನೆ ಬಿಟ್ಟು ಅಂಥ ಜಾಗದಲ್ಲಿ ಬದುಕುವ ದಾರಿ ತೋರಿಸಿದರು. ನೋವಿನ ನೆನಪಿನಲ್ಲೇ ಮುಳುಗಿ ಕೂರುವುದೂ ಅದನ್ನು ಒತ್ತಿಹಿಡಿದಷ್ಟೇ ಕೆಟ್ಟದ್ದು ಅನ್ನುವುದೂ ಅವರ ಬರಹದಲ್ಲಿದೆ. ಆದರೆ ಶಿಬಿರದ ಮಾರಾಟಗಾರರು ಹೇಳುವುದು ಎಲ್ಲವನ್ನೂ ಹೊರಗೆ ಹಾಕಿ ಅಂತ ಮಾತ್ರ.

ವಾಸಿಯಾದವರನ್ನು ಎಲ್ಲಿಗೆ ಕಳಿಸುವುದು?

1917ರ ಜುಲೈನಲ್ಲಿ ಕ್ರೇಗ್‌ಲಾಕ್‌ಹಾರ್ಟ್‌ಗೆ ಸೀಗ್‌ಫ್ರೀಡ್ ಸಸೂನ್ ಬಂದರು. ಕವಿ, ಶೌರ್ಯಪದಕ ಗಳಿಸಿದ ಅಧಿಕಾರಿ. ಯುದ್ಧವನ್ನು ಬೇಕೆಂದೇ ಎಳೆಯಲಾಗುತ್ತಿದೆ, ನಾನಿನ್ನು ಹೋರಾಡುವುದಿಲ್ಲ ಎಂದು ಬಹಿರಂಗ ಹೇಳಿಕೆ ಕೊಟ್ಟಿದ್ದರು. ಕೋರ್ಟ್ ಮಾರ್ಷಲ್ ಆದರೆ ಗಲಾಟೆಯಾಗುತ್ತದೆ ಎಂದು, ಗೆಳೆಯರ ಓಡಾಟವೂ ಸೇರಿ, ಅವರನ್ನು ರೋಗಿಯೆಂದು ತೀರ್ಮಾನಿಸಿ ಇಲ್ಲಿಗೆ ಕಳಿಸಲಾಯಿತು. ರಿವರ್ಸ್ ಮಾತಾಡಿಸಿ ನೋಡಿದರೆ ಇವರಿಗೆ ಅಂಥ ರೋಗವೇನೂ ಇಲ್ಲ.

ಇಲ್ಲಿ ರಿವರ್ಸ್ ಅವರ ಪರಿಸ್ಥಿತಿ ನೋಡಿ. ಅವರೂ ಸೇನೆಯ ಸಮವಸ್ತ್ರ ತೊಟ್ಟ ಕ್ಯಾಪ್ಟನ್. ಸೈನಿಕರನ್ನು ಗುಣಪಡಿಸಿ ಮತ್ತೆ ಯುದ್ಧಕ್ಕೆ ಕಳಿಸುವುದು ಅವರ ಕೆಲಸ. ವಾಸಿಯಾಗುವುದು ಅಂದರೆ ಅಲ್ಲಿ ಸಾಯುವುದಕ್ಕೆ ತಯಾರಾಗುವುದು. ಅದೇ ಆಸ್ಪತ್ರೆಯಲ್ಲಿ ಇನ್ನೊಬ್ಬ ವೈದ್ಯ ಆರ್ಥರ್ ಬ್ರಾಕ್ ಅವರ ಆರೈಕೆಯಲ್ಲಿದ್ದ ಯುವಕವಿ ವಿಲ್‌ಫ್ರೆಡ್ ಓವೆನ್ ಗುಣವಾಗಿ ಯುದ್ಧಕ್ಕೆ ಮರಳಿ, ಯುದ್ಧ ನಿಲ್ಲಲು ಒಂದೇ ವಾರವಿದ್ದಾಗ, 1918ರ ನವೆಂಬರ್ 4ರಂದು ಸತ್ತರು. ಸಸೂನ್ ಕೂಡ ಕೆಲವು ತಿಂಗಳಲ್ಲಿ ತಾವಾಗಿಯೇ ಮರಳಿಹೋದರು, ತಲೆಗೆ ಗುಂಡು ತಾಗಿದರೂ ಬದುಕಿದರು. ರಿವರ್ಸ್ ಮೇಲಿನ ಪ್ರೀತಿ ಅವರಿಗೆ ಕೊನೆಯವರೆಗೂ ಮಾಸಲಿಲ್ಲ. ಆದರೆ ಯುದ್ಧ ಮಾಡುವುದೇ ಸರಿ ಎಂದು ಸಸೂನ್‌ಗೆ ಹೇಳುತ್ತಾ ಹೇಳುತ್ತಾ ರಿವರ್ಸ್ ಅವರಲ್ಲೇ ಸಂಶಯ ಬೆಳೆಯಿತು. ಆ ಒಳತೋಟಿಯನ್ನು ಅವರು ತಮ್ಮದೇ ಕನಸೊಂದನ್ನು ಬಿಡಿಸಿ ನೋಡುತ್ತಾ ಬರೆದರು.

ಚಿಕಿತ್ಸೆ ಕೊಡುವವರಿಗೆ ನಿಮ್ಮಿಂದ ಏನು ಬೇಕು ಅನ್ನುವ ಪ್ರಶ್ನೆ ಆಗಲೂ ಇತ್ತು. ಅಂದು ಸೇನೆಗೆ ಸೈನಿಕರು ಬೇಕಿತ್ತು. ಇಂದು ಕೆಲವು ಶಿಬಿರಗಳಿಗೆ ಮುಂದಿನ ಲೆವೆಲ್ಲಿಗೆ ಫೀಸು ಕಟ್ಟುವವರು ಬೇಕು.

ನೆನಪಿಲ್ಲದ ಮಹಡಿ

ರಿವರ್ಸ್ ಅವರ ಮನಸ್ಸಿನಲ್ಲೂ ಒಂದು ಮುಚ್ಚಿದ ಬಾಗಿಲಿತ್ತು. ಐದು ವರ್ಷದವರೆಗೆ ತಾವಿದ್ದ ಮನೆಯ ಕೆಳಗಿನ ಅಂತಸ್ತು ಅವರಿಗೆ ನೆನಪಿತ್ತು, ಮೇಲಿನ ಮಹಡಿ ಎಳ್ಳಷ್ಟೂ ನೆನಪಿರಲಿಲ್ಲ. ಎಷ್ಟು ಯತ್ನಿಸಿದರೂ ಬರಲಿಲ್ಲ. 1920ರ ತಮ್ಮ ಪುಸ್ತಕದಲ್ಲಿ ಇದನ್ನು ಬರೆದು, ಅಲ್ಲಿ ಮರೆಯಬೇಕಾದಂಥದ್ದೇನೋ ಆಗಿರಬಹುದೆಂದು ಊಹಿಸಿದರು. ಆ ಖಾಲಿ ಮಹಡಿಗೆ ಕಥೆ ಮಾತ್ರ ತುಂಬಿಸಲಿಲ್ಲ.

ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮರೆತುಹೋದ ಬಾಲ್ಯದ ಟ್ರಾಮಾವನ್ನು ಹೊರತೆಗೆಯುತ್ತೇವೆ ಅನ್ನುವ ಶಿಬಿರಗಳಿವೆ. ಎಚ್ಚರ ಬೇಕು. ಅಮೆರಿಕದ ಎಲಿಜಬೆತ್ ಲಾಫ್ಟಸ್ 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿಕ್ಕವರಿದ್ದಾಗ ಮಾಲ್‌ನಲ್ಲಿ ಕಳೆದುಹೋಗಿದ್ದಿರಿ ಎಂದು ಮನೆಯವರ ಹೆಸರಿನಲ್ಲಿ ನಂಬಿಸಿದಾಗ, 24 ಜನರಲ್ಲಿ 6 ಮಂದಿ ನಡೆಯದೇ ಇದ್ದ ಆ ಘಟನೆಯನ್ನು ಪೂರ್ತಿಯೋ ಅರೆಬರೆಯೋ ನೆನಪಿಸಿಕೊಂಡರು. ಕೆದಕಿ ಕೆದಕಿ ಕೇಳಿದರೆ ಇಲ್ಲದ ನೆನಪೂ ಹುಟ್ಟುತ್ತದೆ. ಅಂಥ ಒಂದು ನೆನಪಿನಿಂದ ಒಂದು ಮನೆ ಮುರಿಯಬಹುದು.

ಯುದ್ಧ ಮುಗಿದ ಮೇಲೆ ರಿವರ್ಸ್ ಕೇಂಬ್ರಿಜ್‌ಗೆ ಮರಳಿದರು. ಮೊದಲು ಮೌನಿಯಾಗಿದ್ದವರು ಈಗ ವಿದ್ಯಾರ್ಥಿಗಳನ್ನು ಕೋಣೆಗೆ ಕರೆದು ಹರಟುವಂತಾದರು. ಲೇಬರ್ ಪಕ್ಷದಿಂದ ಪಾರ್ಲಿಮೆಂಟಿಗೆ ನಿಲ್ಲಲೂ ಒಪ್ಪಿಕೊಂಡರು. ಅಷ್ಟರಲ್ಲಿ 1922ರ ಜೂನ್ ಮೊದಲ ವಾರ, ರಜೆಯ ದಿನಗಳಲ್ಲಿ, ಕಾಲೇಜಿನ ಕೋಣೆಯಲ್ಲಿ ಒಬ್ಬರೇ ಇದ್ದಾಗ ರಾತ್ರಿ ಹೊಟ್ಟೆನೋವು ಶುರುವಾಯಿತು. ಹರ್ನಿಯಾ ಸಿಕ್ಕಿಕೊಂಡಿತ್ತು. ಬೆಳಗ್ಗೆ ಯಾರೋ ನೋಡುವ ಹೊತ್ತಿಗೆ ತಡವಾಗಿತ್ತು. ಜೂನ್ 4ರಂದು ತೀರಿಕೊಂಡರು, 58 ವರ್ಷ. ಅವರು ನಿಲ್ಲಬೇಕಿದ್ದ ಕ್ಷೇತ್ರದಲ್ಲಿ ಲೇಖಕ ಎಚ್. ಜಿ. ವೆಲ್ಸ್ ನಿಂತು ಸೋತರು.

ಹಾಗಾದರೆ ಏಳು ದಿನದ ಚಿಕಿತ್ಸೆ ಸುಳ್ಳೇ?

ಪೂರ್ತಿ ಸುಳ್ಳಲ್ಲ. 2014ರಲ್ಲಿ ಬ್ರಿಟನ್ನಿನ ಆಂಕೆ ಏಲರ್ಸ್ ಮತ್ತು ಸಂಗಡಿಗರು ಪಿಟಿಎಸ್‌ಡಿ ಇದ್ದ 121 ಜನರ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಪಿಟಿಎಸ್‌ಡಿ ಅಂದರೆ ಭೀಕರ ಘಟನೆಯ ನಂತರ ಅದೇ ದೃಶ್ಯ ಮರುಕಳಿಸುತ್ತಾ, ನಿದ್ದೆ ಕೆಡುತ್ತಾ, ಬದುಕೇ ಬಿಗಿದುಕೊಳ್ಳುವ ಕಾಯಿಲೆ. ಒಂದು ಗುಂಪಿಗೆ ಒಂದು ವಾರದಲ್ಲೇ ಸುಮಾರು 18 ಗಂಟೆಗಳವರೆಗಿನ ತೀವ್ರ ಚಿಕಿತ್ಸೆ, ಇನ್ನೊಂದು ಗುಂಪಿಗೆ ಅದೇ ಚಿಕಿತ್ಸೆ ವಾರಕ್ಕೊಮ್ಮೆಯಂತೆ ಮೂರು ತಿಂಗಳು. ಮೊದಲ ಗುಂಪಿನಲ್ಲಿ 73%, ಎರಡನೆಯದರಲ್ಲಿ 77% ಜನ ಕಾಯಿಲೆಯಿಂದ ಹೊರಬಂದರು. ಬರೀ ಸಮಾಧಾನದ ಮಾತಿನ ಗುಂಪಿನಲ್ಲಿ 43%, ಸರದಿಯಲ್ಲಿ ಕಾಯುತ್ತಿದ್ದವರಲ್ಲಿ 7%. ಅಂದರೆ ಒಂದು ವಾರದಲ್ಲಿ ಒಳ್ಳೆಯ ಫಲ ಸಿಗಲು ಸಾಧ್ಯ.

ಆದರೆ ಅಲ್ಲಿ ಫಲ ಕೊಟ್ಟದ್ದು ಬೆಟ್ಟವಲ್ಲ, ಮಂಜಲ್ಲ, ರೆಸಾರ್ಟಿನ ಊಟವಲ್ಲ. ಪರೀಕ್ಷಿಸಿ ನೋಡಿದ ಒಂದು ನಿರ್ದಿಷ್ಟ ಚಿಕಿತ್ಸೆ, ಅದನ್ನು ಕಲಿತ ಚಿಕಿತ್ಸಕರು, ಸರಿಯಾಗಿ ರೋಗ ಗುರುತಿಸಿದ ಮೇಲೆ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಕೊಟ್ಟದ್ದು. ಆ ರೋಗಿಗಳು ದಿನಾ ಬಂದು ಮನೆಗೆ ಹೋಗುತ್ತಿದ್ದರು, ವಾರ ಮುಗಿದ ಮೇಲೂ ಅವರನ್ನು ಮತ್ತೆ ಕರೆದು ನೋಡಿದರು. ಮತ್ತೊಂದು: ಅಷ್ಟೆಲ್ಲ ಮಾಡಿಯೂ ನಾಲ್ವರಲ್ಲಿ ಒಬ್ಬರು ಗುಣವಾಗಲಿಲ್ಲ. ನೂರಕ್ಕೆ ನೂರು ಗ್ಯಾರಂಟಿ ಕೊಡುವವರನ್ನು ನಂಬುವ ಮುಂಚೆ ಈ ಲೆಕ್ಕ ನೆನಪಿರಲಿ.

ಘಟನೆ ನಡೆದ ತಕ್ಷಣ ಎಲ್ಲರನ್ನೂ ಕೂರಿಸಿ ಮಾತಾಡಿಸಲೇಬೇಕು ಅನ್ನುವುದೂ ತಪ್ಪು ತಿಳುವಳಿಕೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತರು, ಅದರಲ್ಲಿ ಮಕ್ಕಳೂ ಇದ್ದರು. ಅಂಬರೀಶ್ ತೀರಿಹೋದದ್ದೂ ಅದೇ ದಿನ, ಮಂಡ್ಯದವರು ಆ ದಿನವನ್ನು ಮರೆತಿಲ್ಲ. ಇಂಥ ಘಟನೆ ಆದಾಗ ಮೊದಲ ಕೆಲವು ವಾರ ನಿದ್ದೆ ಬಾರದಿರುವುದು, ಬೆಚ್ಚಿಬೀಳುವುದು, ನೀರು ಕಂಡರೆ ಎದೆ ನಡುಗುವುದು ಸಹಜ. ಒಂದೇ ಸಲ ಕೂರಿಸಿ ಎಲ್ಲ ಹೇಳಿಸುವ ಡೀಬ್ರೀಫಿಂಗ್ ಪಿಟಿಎಸ್‌ಡಿಯನ್ನು ತಡೆಯುವುದಿಲ್ಲ, ಕೆಲವರಿಗೆ ಹೆಚ್ಚು ಮಾಡಲೂಬಹುದು ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಗೊತ್ತಾಗಿದೆ. ಮೊದಲು ಬೇಕಾದದ್ದು ಊಟ, ಸೂರು, ತಮ್ಮವರು ಜೊತೆಗಿರುವುದು, ಅವರಾಗಿ ಮಾತಾಡಿದರೆ ಕೇಳುವ ಕಿವಿ. ಸಾವಿನ ಮನೆಗೆ ನೆಂಟರು ಬುತ್ತಿ ಹೊತ್ತು ಬಂದು ಹನ್ನೊಂದು ದಿನ ಜೊತೆಗಿರುವ ನಮ್ಮ ರೂಢಿಯಲ್ಲಿ ಇದೆಲ್ಲ ಮೊದಲೇ ಇದೆ.

ಪ್ರಪಂಚದಲ್ಲಿ ಸುಮಾರು 70% ಜನ ಬದುಕಿನಲ್ಲಿ ಒಮ್ಮೆಯಾದರೂ ಇಂಥ ಘಟನೆ ಎದುರಿಸುತ್ತಾರೆ, ಅವರಲ್ಲಿ ಪಿಟಿಎಸ್‌ಡಿ ಆಗುವುದು ಸುಮಾರು 5.6% ಜನರಿಗೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ತಿಂಗಳು ದಾಟಿದರೂ ಕೆಟ್ಟ ಕನಸು, ಆ ಜಾಗಕ್ಕೆ ಹೋಗಲಾಗದ ಭಯ, ಸಿಡುಕು, ಬದುಕೇ ಬೇಡ ಅನ್ನಿಸುವುದು ಇದ್ದರೆ ಆಗ ಚಿಕಿತ್ಸೆ ಬೇಕು. ಬದುಕು ಬೇಡ ಅನ್ನಿಸುತ್ತಿದ್ದರೆ ತಿಂಗಳೂ ಕಾಯಬೇಡಿ.

ಶಿಬಿರಕ್ಕೆ ಹೋಗಲೇಬೇಕೆಂದಿದ್ದರೆ ಹೋಗಿ, ಆದರೆ ದುಡ್ಡು ಕಟ್ಟುವ ಮುಂಚೆ ಕೇಳಿ. ಚಿಕಿತ್ಸೆ ಕೊಡುವವರು ಮನೋವೈದ್ಯರಾದರೆ ಮೆಡಿಕಲ್ ಕೌನ್ಸಿಲ್ ನೋಂದಣಿ ಇರಬೇಕು, ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ. ಮಾನಸಿಕ ಕಾಯಿಲೆಯವರನ್ನು ಉಳಿಸಿಕೊಂಡು ಚಿಕಿತ್ಸೆ ಕೊಡುವ ಸಂಸ್ಥೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ನೋಂದಾಯಿತವಾಗಿರಬೇಕು. ಯಾವ ಚಿಕಿತ್ಸೆ ಅಂತ ಹೆಸರು ಹೇಳುತ್ತಾರಾ? ನಡುವೆ ಎದ್ದು ಹೊರಡಬಹುದಾ, ಫೋನ್ ಕಿತ್ತಿಟ್ಟುಕೊಳ್ಳುತ್ತಾರಾ? ಎಂಟನೇ ದಿನ ಮನೆಯಲ್ಲಿ ಮತ್ತೆ ಕೆಟ್ಟ ಕನಸು ಬಿದ್ದರೆ ಯಾರಿಗೆ ಫೋನ್ ಮಾಡಬೇಕು? ಈಗ ನುಂಗುತ್ತಿರುವ ಮಾತ್ರೆ ಬಿಡಿ ಅಂದರೆ ಮಾತ್ರ ಅಲ್ಲಿಂದ ಎದ್ದುಬನ್ನಿ.

ದುಡ್ಡಿಲ್ಲದವರಿಗೂ ದಾರಿ ಇದೆ. ಟೆಲಿ ಮಾನಸ್‌ನ 14416 ಸಂಖ್ಯೆಗೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ಕೆ.ಆರ್. ಪೇಟೆ, ಪಾಂಡವಪುರ, ನಾಗಮಂಗಲ, ಶ್ರೀರಂಗಪಟ್ಟಣದವರು ಹೊರಡುವ ಮುಂಚೆ ನಿಮ್ಮ ಆಸ್ಪತ್ರೆಗೆ ಯಾವ ಮಂಗಳವಾರ, ಎಷ್ಟು ಗಂಟೆಗೆ ಅಂತ ಒಂದು ಫೋನ್ ಮಾಡಿ ಕೇಳಿಕೊಳ್ಳಿ. ಚೀಟಿ ಮಾಡಿಸುವ ಕೌಂಟರಿನಲ್ಲಿ ಏನು ಕಾಯಿಲೆ ಅಂತ ಎಲ್ಲರೆದುರು ಹೇಳಬೇಕಾಗಿಲ್ಲ, ಮಾನಸಿಕ ವಿಭಾಗ ಅಂದರೆ ಸಾಕು.